ಕುಂಬಾರನ ಎದೆಯ ಗಾಳಿ

ವೈದ್ಯವಿದ್ಯೆ ಕಲಿಯುತ್ತಿದ್ದ ಶಿಷ್ಯನೊಬ್ಬ ಬೇಸತ್ತು ಕೇಳಿದ: "ಗುರುಗಳೇ, ಎದೆನೋವಿನವರಿಗೆ ಉಪ್ಪು, ಎಣ್ಣೆ ಕಡಿಮೆ ಮಾಡಿ ಎಂದು ಹೇಳಿ ಹೇಳಿ ಸಾಕಾಯಿತು. ಹೂಂ ಅನ್ನುತ್ತಾರೆ, ಹೋಗಿ ಮೊದಲಿನಂತೆಯೇ ಉಣ್ಣುತ್ತಾರೆ. ಈ ಜನರ ಸ್ವಭಾವ ತಿದ್ದುವುದು ಹೇಗೆ?"

ಗುರುಗಳು ನಕ್ಕು ಹೇಳಿದರು:

ಜಾವಾ ದ್ವೀಪದ ಒಂದು ಹಳ್ಳಿಯಲ್ಲಿ ಒಬ್ಬ ಕುಂಬಾರನಿದ್ದ. ಒಳ್ಳೆಯವನು ಎಂದರೆ ಸಾಲದು, ಅತಿ ಒಳ್ಳೆಯವನು. ಯಾರು ಏನು ಬಡಿಸಿದರೂ ಬೇಡವೆನ್ನಲು ಅವನಿಗೆ ನಾಲಗೆ ಏಳುತ್ತಿರಲಿಲ್ಲ. ಬಡಿಸಿದವರ ಮನಸ್ಸು ನೊಂದೀತು ಎಂಬ ಸಂಕೋಚ. ಆ ಸೀಮೆಯವರು ಈ ಸಂಕೋಚವನ್ನು ದೊಡ್ಡ ಗುಣವೆನ್ನುತ್ತಾರೆ. ದೊಡ್ಡ ಗುಣವೇ ಹೌದು.

ಅವನಿಗೆ ಆಗಾಗ ಎದೆ ಹಿಡಿದುಕೊಳ್ಳುತ್ತಿತ್ತು. ಮೈಗೆ ಗಾಳಿ ಹೊಕ್ಕಿದೆ ಎನ್ನುತ್ತಾರೆ ಅಲ್ಲಿಯವರು. ಆ ಗಾಳಿ ಬಿಡಿಸಲೆಂದು ಹೆಂಡತಿ ಬೆನ್ನಿಗೆ ಎಣ್ಣೆ ಹಚ್ಚಿ, ನಾಣ್ಯದ ಅಂಚಿನಿಂದ ಕೆಂಪು ಗೆರೆ ಮೂಡುವ ತನಕ ಉಜ್ಜುತ್ತಿದ್ದಳು. ಅವಳ ಅಣ್ಣನಿಗೂ ಹೀಗೇ ಉಜ್ಜಿದ್ದರು. ಗಾಳಿ ಎದೆಯಲ್ಲೇ ಕೂತುಬಿಟ್ಟಿತು ಅಂದರು, ಅವನು ಮತ್ತೆ ಏಳಲೇ ಇಲ್ಲ. ಆ ಹೆದರಿಕೆಗೆ ಅವಳು ಗಂಡನನ್ನು ಆಸ್ಪತ್ರೆಗೆ ಎಳೆದುಕೊಂಡು ಹೋದಳು. ಡಾಕ್ಟರು ನೋಡಿ, ಇದು ಗಾಳಿಯಲ್ಲ, ಹೃದಯದ ರೋಗ ಎಂದರು. ಗುಳಿಗೆ ಕೊಟ್ಟರು. ಉಪ್ಪುಮೀನು, ಕೊಬ್ಬಿನ ಮಾಂಸ, ಕರಿದದ್ದು ಬಿಡದಿದ್ದರೆ ಜೀವ ಉಳಿಯುವುದು ಕಷ್ಟ ಎಂದರು.

ಮನೆಯಲ್ಲಿ ಅವನು ಪಥ್ಯ ತಪ್ಪಲಿಲ್ಲ. ಆದರೆ ಆ ಊರಿನಲ್ಲಿ ಮನೆಯ ಊಟ ಎಷ್ಟು ದಿನ! ಮಗು ಹುಟ್ಟಿದರೆ ಊಟ, ಸತ್ತವರ ನೆನಪಿಗೆ ಊಟ, ಹೊಸ ಮನೆಗೆ ಕಂಬ ನೆಟ್ಟರೂ ಊಟ. ನೆರೆಯವರೆಲ್ಲ ಚಾಪೆಯ ಮೇಲೆ ಒಟ್ಟಿಗೆ ಕೂತು, ಪ್ರಾರ್ಥಿಸಿ ಉಣ್ಣಬೇಕು. ಕುಂಬಾರ ನಗುನಗುತ್ತಾ ಎಲ್ಲವನ್ನೂ ಉಂಡು, ಮನೆಗೆ ಬಂದು ಎದೆ ಒತ್ತಿಕೊಂಡು ಮಲಗುತ್ತಿದ್ದ. ಹೆಂಡತಿ ಜಗಳವಾಡಿದಳು, ಕಾಲು ಹಿಡಿದಳು. ಏನೂ ಆಗಲಿಲ್ಲ.

ಒಮ್ಮೆ ನೆರೆಮನೆಯಲ್ಲಿ ಮದುವೆ. ವಾಡಿಕೆಯಂತೆ ಕೇರಿಯ ಹೆಂಗಸರೆಲ್ಲ ಅಡುಗೆಗೆ ಸೇರಿದರು. ಉಪ್ಪು ಹಾಕುವ ಕೆಲಸ ಕುಂಬಾರನ ಹೆಂಡತಿಯ ಪಾಲಿಗೆ ಬಂತು. ಅವಳು ಮುಷ್ಟಿ ತುಂಬ ಉಪ್ಪು ಹಿಡಿದು ಹಂಡೆಯ ಮುಂದೆ ನಿಂತೇ ಇದ್ದಳು. ತನ್ನ ಕೈಯಾರೆ ಹಾಕಲಾರಳು. ಹಾಕದಿದ್ದರೆ ಬೇರೆಯವರ ಮನೆಯ ಮದುವೆಯೂಟ ಕೆಡುತ್ತದೆ.

ಅಡುಗೆಯ ಮೇಲ್ವಿಚಾರಣೆಯ ಮುದುಕಿ ಕೇಳಿದಳು: "ಯಾಕೆ ಮಗಳೇ, ಉಪ್ಪಿನ ಜೊತೆ ಮಾತಾಡ್ತಿದ್ದೀಯಾ?"

"ಇದನ್ನ ಹಾಕಿದರೆ ಅವರು ಉಣ್ತಾರೆ, ಅಜ್ಜಿ. ಬೇಡ ಅನ್ನೋಕೆ ಅವರಿಗೆ ಬರೋಲ್ಲ. ಅಣ್ಣ ಹೋದ ಹಾಗೇ ಹೋಗಿಬಿಡ್ತಾರೆ" ಎಂದು ಅವಳು ಅತ್ತುಬಿಟ್ಟಳು.

ಮುದುಕಿ ಅವಳ ಮುಷ್ಟಿ ಬಿಡಿಸಿ, ಮುಕ್ಕಾಲು ಉಪ್ಪನ್ನು ಮರಳಿ ಗಡಿಗೆಗೆ ಸುರಿದಳು. ಉಪ್ಪುಮೀನನ್ನು ಪಕ್ಕಕ್ಕಿಟ್ಟು, ಹಸಿಮೀನನ್ನು ಬಾಳೆಲೆಯಲ್ಲಿ ಕಟ್ಟಿ ಹಬೆಯಲ್ಲಿ ಬೇಯಿಸಿರಿ ಎಂದಳು. ಹೆಂಗಸರು ಯಾರೂ ಎದುರಾಡಲಿಲ್ಲ. ಗಾಳಿ ಹೊಕ್ಕವರು ಎಲ್ಲರ ಮನೆಯಲ್ಲೂ ಇದ್ದರು.

ಮುಂದಿನ ಊಟಗಳಲ್ಲೂ ಹಾಗೇ ನಡೆಯಿತು. ಎಂಥ ಹೆಂಗಸರು ನೋಡು! ಉಪದೇಶ ಮಾಡಲಿಲ್ಲ, ರೋಗಿಗೆ ಬೇರೆ ಎಲೆ ಹಾಕಿ ಅವಮಾನಿಸಲಿಲ್ಲ. ಗಂಡಸರು ಒಂದಿಷ್ಟು ಗೊಣಗಿದರು, ಉಂಡರು, ಒಗ್ಗಿಕೊಂಡರು.

ಒಂದು ದಿನ ಕುಂಬಾರ ಹೆಂಡತಿಯ ಕಿವಿಯಲ್ಲಿ ಹೇಳಿದ: "ನಮ್ಮೂರ ಹೆಂಗಸರಿಗೆ ಏನಾಗಿದೆಯೋ, ಯಾವ ಊಟಕ್ಕೂ ರುಚಿಯಿಲ್ಲ. ಬಾಯಿಬಿಟ್ಟು ಹೇಳಿದರೆ ನೊಂದ್ಕೊಳ್ತಾರೆ ಅಂತ ಸುಮ್ಮನೆ ಉಂಡು ಬರ್ತೀನಿ." ಅವಳು ಮುಖ ತಿರುಗಿಸಿ ಕಣ್ಣೊರೆಸಿಕೊಂಡಳು. ಅವನು ಬಹಳ ಕಾಲ ಬದುಕಿದ. ಮೊಮ್ಮಕ್ಕಳಿಗೆ ತಿಗರಿ ತಿರುಗಿಸುವುದನ್ನು ಕಲಿಸಿದ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ಕೇಳಿದ: "ಹಾಗಾದರೆ ಅವನ ಸ್ವಭಾವವನ್ನು ಕೊನೆಗೂ ಯಾರೂ ತಿದ್ದಲೇ ಇಲ್ಲವೇ?"

ಗುರುಗಳೆಂದರು: "ಇಲ್ಲಪ್ಪ, ಊರೇ ತನ್ನ ಕೈಯನ್ನು ತಿದ್ದಿಕೊಂಡಿತು."