ಮೊಂಡುಗುಡ್ಡದ ತಲೆ ಚಪ್ಪಟೆಯಾದದ್ದು

ಲೋಕ ಇನ್ನೂ ಹಸಿಮಣ್ಣಾಗಿದ್ದ ಕಾಲ, ಕೂಸೇ. ನಿಲ್ಲೋದೋ ಕೂರೋದೋ ಅಂತ ಗುಡ್ಡಗಳಿನ್ನೂ ತೀರ್ಮಾನ ಮಾಡಿರಲಿಲ್ಲ. ನಮ್ಮ ಮೊಂಡುಗುಡ್ಡ ಆಗ ಮೊಂಡಾಗಿರಲಿಲ್ಲ. ನೆಟ್ಟಗೆ ನಿಂತಿತ್ತು, ತಲೆ ಈಟಿ ತುದಿಯ ಹಾಗೆ ಚೂಪು.

ಗುಡ್ಡದ ಈಚೆಗೊಂದು ಊರು, ಆಚೆಗೊಂದು ಊರು. ನಡುವೆ, ಗುಡ್ಡದ ಹೆಗಲ ಮೇಲೆ, ಬರೀ ಹುಲ್ಲು. ನಮ್ಮ ಹಟ್ಟಿ ಇರಲೇ ಇಲ್ಲ.

ಆಗ ಬೊಮ್ಮಕ್ಕ ಅನ್ನೋಳು ಮುದಿ ಅತ್ತೆಯನ್ನು ಕರಕೊಂಡು ನೆಲೆ ಹುಡುಕುತ್ತಾ ಬಂದಳು. ಇಡೀ ಸಂಸಾರ ಅವಳ ತಲೆ ಮೇಲೆ. ಬುಟ್ಟಿಯಲ್ಲಿ ಬೀಸುಕಲ್ಲು, ಬಿತ್ತನೆ ರಾಗಿ, ಮೇಲೊಂದು ಮಣ್ಣಿನ ಗಡಿಗೆ.

ಈಚೆ ಊರಿನ ಗೌಡ, "ಇಲ್ಲಿ ಜಾಗ ಇಲ್ಲ ಕಣಮ್ಮ, ಆಚೆ ಊರಲ್ಲಿ ಕೇಳು" ಅಂದ. ಬೊಮ್ಮಕ್ಕ ಗುಡ್ಡ ಹತ್ತಿದಳು, ಇಳಿದಳು.

ಆಚೆ ಊರಿನ ಗೌಡ, "ನೀನು ಈಗ ಬಂದದ್ದು ಆ ಕಡೆಯಿಂದ. ನಿನ್ನನ್ನ ಅವರೇ ನೋಡ್ಕೋಬೇಕು" ಅಂದ. ಬೊಮ್ಮಕ್ಕ ಮತ್ತೆ ಗುಡ್ಡದ ಹೆಗಲಿಗೆ ಹತ್ತಿದಳು. ಇಳಿಯೋಕೆ ಮಾತ್ರ ಕಾಲು ಬರಲಿಲ್ಲ.

ಹೊರೆ ಹೊತ್ತವಳು ಒಬ್ಬಳೇ ಇಳಿಸೋಕಾಗಲ್ಲ, ಗೊತ್ತಲ್ಲ? ಇನ್ನೊಂದು ಜೊತೆ ಕೈ ಬೇಕು. ಅತ್ತೆಯ ಬೆನ್ನು ಕುಡುಗೋಲಿನ ಹಾಗೆ ಬಗ್ಗಿತ್ತು, ಕೈ ಮೇಲೇಳುತ್ತಿರಲಿಲ್ಲ. ಬುಟ್ಟಿ ಜಾರಿದರೆ ಗಡಿಗೆ ಹೋಯ್ತು, ಬಿತ್ತನೆ ಹೋಯ್ತು, ಬದುಕೇ ಹೋಯ್ತು.

"ಗುಡ್ಡಣ್ಣಾ, ಒಂಚೂರು ಬಗ್ಗು. ನಿನ್ನ ತಲೆ ಮೇಲೆ ಇಳಿಸ್ತೀನಿ."

"ಒಂದ್ಸಲ ಬಗ್ಗಿದರೆ ಎಲ್ಲರೂ ಬರ್ತಾರೆ" ಅಂತು ಗುಡ್ಡ.

"ನಿಂತು ಏನು ಸಂಪಾದಿಸಿದೆಯಪ್ಪ?" ಅಂದಳು ಅತ್ತೆ. "ಆ ಚೂಪಿನ ಮೇಲೆ ಒಂದು ಕಾಗೆಯೂ ಕೂರಲ್ಲ."

ಗುಡ್ಡಕ್ಕೆ ಸ್ವಲ್ಪ ನಾಚಿಕೆಯಾಯ್ತು. ಬೊಮ್ಮಕ್ಕನ ತಲೆಯ ಮಟ್ಟಕ್ಕೆ ಬಗ್ಗಿತು. ಬುಟ್ಟಿ ಉರುಳಬಾರದಲ್ಲ, ಅದಕ್ಕೆ ಆಮೆ ತಲೆ ಎಳಕೊಳ್ಳೋ ಹಾಗೆ ಚೂಪನ್ನೂ ಒಳಗೆಳಕೊಂಡಿತು. ಬೊಮ್ಮಕ್ಕ ಬುಟ್ಟಿಯನ್ನು ಮೆಲ್ಲಗೆ ಅದರ ಮೇಲೆ ಜರುಗಿಸಿ, ಅಲ್ಲೇ ಕೂತು ಕಣ್ಣು ಮುಚ್ಚಿಕೊಂಡಳು.

"ಆಯ್ತಾ? ನಾನು ಏಳ್ತೀನಿ."

"ಇನ್ನೊಂದು ಉಸಿರು ತಾಳಣ್ಣಾ."

ಅಷ್ಟರಲ್ಲಿ ಪಡುವಣ ಕಡಲಿಂದ ಒಂದು ಮೋಡ ಬಂತು. ತಲೆ ಮೇಲೆ ದೊಡ್ಡ ಕೊಡ, ಮುಖವೆಲ್ಲ ಕಪ್ಪಿಟ್ಟಿತ್ತು. "ಅಕ್ಕಾ, ಮೂಡಲ ಸೀಮೆಗೆ ನೀರು ಹೊತ್ಕೊಂಡು ಹೋಗ್ತಿದ್ದೀನಿ. ದಾರಿಯುದ್ದಕ್ಕೂ ಎಲ್ಲ ಗುಡ್ಡವೂ ಚೂಪು. ನಿನ್ನ ಬುಟ್ಟಿ ಪಕ್ಕ ನನಗೂ ಜಾಗ ಆಗುತ್ತಾ?"

ಬೊಮ್ಮಕ್ಕ ಬುಟ್ಟಿಯನ್ನು ಬದಿಗೆ ಸರಿಸಿದಳು. ಮೋಡ ಕೊಡ ಇಳಿಸಿ ಸುಮ್ಮನೆ ಕೂತಿತು. ದಣಿದವರಿಗೆ ಮಾತೂ ಒಂದು ಹೊರೆಯೇ.

ಹೊರಡೋ ಹೊತ್ತಿಗೆ ಮೋಡ ಪೆಚ್ಚಾಯ್ತು. "ಇಳಿಸಿಬಿಟ್ಟೆ. ಎತ್ತಿಕೊಡೋರು ಯಾರು? ಗುಡ್ಡಕ್ಕೆ ಕೈಯಿಲ್ಲ."

"ನನಗಿದೆ" ಅಂತ ಬೊಮ್ಮಕ್ಕ ಸೊಂಟ ಹಿಡಕೊಂಡು ಎದ್ದಳು. ಕೊಡಕ್ಕೆ ಕೈಹಾಕಿ ಎತ್ತಿಕೊಟ್ಟಳು. ಎತ್ತುವಾಗ ಕೊಡ ವಾಲಿ ಒಂದಿಷ್ಟು ನೀರು ತುಳುಕಿತು. ಹುಲ್ಲಿನೊಳಗೆ ಹರಿದು ಒಂದು ಸಣ್ಣ ತೊರೆಯಾಯ್ತು. ಅತ್ತೆ ಬೊಗಸೆಯಲ್ಲಿ ಹಿಡಿದು ಕುಡಿದಳು.

"ನನ್ನ ತಂಗಿಯರು ಹಿಂದೆ ಬರ್ತಿದ್ದಾರೆ ಅಕ್ಕಾ. ನೀನು ಇಲ್ಲೇ ಇರ್ತೀಯಾ?"

ಬೊಮ್ಮಕ್ಕ ಈಚೆ ಊರು ನೋಡಿದಳು, ಆಚೆ ಊರು ನೋಡಿದಳು. ಕಾಲ ಬಳಿಯ ತೊರೆ ನೋಡಿದಳು. "ಇರ್ತೀನಿ. ನನಗೂ ನಡೆದದ್ದು ಸಾಕಾಗಿದೆ."

"ಹಾಗಾದರೆ ನಾನು ಏಳೋದು ಯಾವಾಗ?" ಅಂತು ಗುಡ್ಡ.

"ಕೊನೇ ತಂಗಿ ಹೋದ ಮೇಲೆ ಎದ್ದುಬಿಡಪ್ಪ" ಅಂದಳು ಅತ್ತೆ.

ಬೊಮ್ಮಕ್ಕ ಆ ತೊರೆಯ ಪಕ್ಕ ಗುಡಿಸಲು ಹಾಕಿದಳು. ಆಮೇಲೆ ಅವಳ ಹಾಗೇ ಸುಸ್ತಾಗಿ ಬಂದವರೆಲ್ಲ ಒಂದೊಂದು ಹಾಕಿದರು. ಅದೇ ನಮ್ಮ ಹಟ್ಟಿ. ಇವತ್ತಿಗೂ ಈಚೆ ಊರೋರು ನಮ್ಮನ್ನು ಆಚೆಯೋರು ಅಂತಾರೆ, ಆಚೆ ಊರೋರು ಈಚೆಯೋರು ಅಂತಾರೆ.

ಕೊನೇ ತಂಗಿ ಇನ್ನೂ ಬಂದಿಲ್ಲ, ಕೂಸೇ. ಅದಕ್ಕೇ ಮಳೆಗಾಲದ ಬೆಳಗ್ಗೆ ಮೊಂಡುಗುಡ್ಡದ ಚಪ್ಪಟೆ ತಲೆಯ ಮೇಲೆ ಮೋಡ ಅಲ್ಲಾಡದೆ ಕೂತಿರುತ್ತೆ, ಏಳುವಾಗ ನಮ್ಮ ಹಟ್ಟಿಗೆ ನಾಲ್ಕು ಹನಿ ತುಳುಕಿಸಿ, ಉಳಿದದ್ದನ್ನು ಹೊತ್ಕೊಂಡು ಮೂಡಲಿಗೆ ಹೋಗುತ್ತೆ.