ಕದ್ದ ಅಳತೆಯ ಕುಂಡ

ಮೂಡಣ ಕಡಲಿನಾಚೆ, ಜಪಾನಿನ ಒಂದಾನೊಂದು ರಾಜ್ಯದಲ್ಲಿ ಮಿತ್ಸು ಅಂತ ಒಬ್ಬ ಕುಂಬಾರಗಿತ್ತಿ ಇದ್ದಳು. ಅವಳು ಮಡಕೆ ಮಾಡುತ್ತಿರಲಿಲ್ಲ, ಬಾನಿ ಮಾಡುತ್ತಿರಲಿಲ್ಲ. ಮಾಡುತ್ತಿದ್ದದ್ದು ಬೋನ್ಸಾಯ್ ಕುಂಡ ಮಾತ್ರ. ಬೋನ್ಸಾಯ್ ಅಂದರೆ ಗೊತ್ತಲ್ಲ? ಮುದಿ ಮರವೇ, ಆದರೆ ಚೋಟುದ್ದ. ಅದಕ್ಕೆ ಅಂಗೈಯಗಲದ ಕುಂಡ. ಕುಂಡ ಚಿಕ್ಕದಾದರೆ ಬೇರಿಗೆ ಉಸಿರು ಕಟ್ಟುತ್ತದೆ. ದೊಡ್ಡದಾದರೆ ನೀರು ನಿಂತು ಬೇರು ಕೊಳೆಯುತ್ತದೆ.

ಪಕ್ಕದ ಮನೆಯಲ್ಲಿ ಗೆಂಜೊ ಇದ್ದ. ಅವನೂ ಕುಂಬಾರನೇ. ಕೈ ಚುರುಕು, ಮೈ ಸೋಮಾರಿ. ಸ್ವಂತ ತಲೆಗೆ ಕೆಲಸ ಕೊಡುವುದೆಂದರೆ ಅವನಿಗೆ ಆಗದು. ಕೆಂಡ ಕೇಳುವ ನೆಪದಲ್ಲಿ ಮಿತ್ಸುವಿನ ಮನೆಗೆ ಬರುತ್ತಿದ್ದ. ಹೋಗುವಾಗ ಕೆಂಡದ ಜೊತೆಗೆ ಇನ್ನೇನಾದರೂ ಹೋಗುತ್ತಿತ್ತು.

ಒಂದು ಸಲ ಕೆಂಡಕ್ಕೆ ಬಂದ. ಅವಳು ಕಲಸಿಟ್ಟಿದ್ದ ಹಸಿರು ಬಣ್ಣವನ್ನು ಬಟ್ಟಲ ಸಮೇತ ಎತ್ತಿಕೊಂಡು ಹೋದ. ಅವನ ಕುಂಡಗಳೂ ಹಸಿರಾದವು. ಮಿತ್ಸು “ಹೋಗಲಿ ಬಿಡು” ಅಂದುಕೊಂಡಳು.

ಇನ್ನೊಂದು ಸಲ ಕೆಂಡಕ್ಕೆ ಬಂದ. ಅವಳ ಕುಂಡದ ಮೋಡದಾಕಾರದ ಕಾಲುಗಳನ್ನು ನೋಡಿಕೊಂಡು ಹೋದ. ಅವನ ಕುಂಡಗಳಿಗೂ ಮೋಡದ ಕಾಲು ಬಂದವು. ಮಿತ್ಸು ಆಗಲೂ “ಹೋಗಲಿ ಬಿಡು” ಅಂದಳು. ಆದರೆ ಅವತ್ತು ಅವಳಿಗೆ ಊಟ ಸೇರಲಿಲ್ಲ.

ಹೀಗಿರಲು, ಅರಮನೆಯಲ್ಲಿ ಹಿಮ ಬಿದ್ದು ಒಂದು ಕುಂಡ ಸೀಳಿಹೋಯಿತು. ಅದರಲ್ಲಿದ್ದದ್ದು ದೊರೆಯ ಅಜ್ಜಿ ಬೆಳೆಸಿದ ಪುಟ್ಟ ಪೈನ್ ಮರ. ದೊರೆ ಡಂಗುರ ಹೊಡೆಸಿದ: “ಕುಂಬಾರರೆಲ್ಲ ಬಂದು ಬೇರು ಅಳೆದುಕೊಂಡು ಹೋಗಿ. ಯಾರ ಕುಂಡ ಮರಕ್ಕೆ ಒಪ್ಪುತ್ತದೋ, ಕೆಂಪು ಮಣ್ಣಿನ ದಿಣ್ಣೆ ಅವರದು. ಬೇರೆ ಯಾರೂ ಅಲ್ಲಿ ಗುದ್ದಲಿ ಹಾಕಕೂಡದು!”

ಮಿತ್ಸುವಿನ ಮನೆ ತಲೆತಲಾಂತರದಿಂದ ಆ ದಿಣ್ಣೆಯ ಮಣ್ಣಿನಲ್ಲೇ ಅನ್ನ ಕಂಡದ್ದು. ಅದು ಕೈತಪ್ಪಿದರೆ ಕುಂಡ ಸುಡುವ ಆವಿಗೆ ಆರಿತು ಅಂತಲೇ ಲೆಕ್ಕ. ಹಿಮದಲ್ಲೇ ನಡೆದುಹೋಗಿ ಬೇರು ಅಳೆದಳು, ಮನೆಗೆ ಬಂದು ಬಿದಿರಿನ ಅಳತೆ ಕಡ್ಡಿ ಕತ್ತರಿಸಿದಳು.

ಇಲ್ಲೊಂದು ಮಾತು ಹೇಳಬೇಕು. ಹಸಿ ಮಣ್ಣು ಸುಟ್ಟ ಮೇಲೆ ಕುಗ್ಗುತ್ತದೆ. ಅದಕ್ಕೇ ಕುಂಬಾರರು ಕುಂಡವನ್ನು ಬೆರಳಗಲ ದೊಡ್ಡದಾಗಿ ಮಾಡುತ್ತಾರೆ. ಬೇರೆಯವರು ಬೇರಿನಷ್ಟೇ ಕಡ್ಡಿ ಕತ್ತರಿಸಿ, ತಿಗರಿ ಚಕ್ರದ ಮೇಲೆ ಆ ಬೆರಳಗಲ ಸೇರಿಸಿಕೊಳ್ಳುತ್ತಿದ್ದರು. ಮಿತ್ಸು ಮಾತ್ರ, ಗಂಡನ ಅಪ್ಪ ಕಲಿಸಿದ ಹಾಗೆ, ಕಡ್ಡಿಯನ್ನೇ ಬೆರಳಗಲ ಉದ್ದವಾಗಿ ಕತ್ತರಿಸುತ್ತಿದ್ದಳು.

ಗೆಂಜೊ ಅರಮನೆ ಕಡೆ ತಲೆಯೇ ಹಾಕಲಿಲ್ಲ. ಆ ಹಿಮದಲ್ಲಿ ಅಷ್ಟು ದೂರ ಯಾರು ನಡೀತಾರೆ? ಮಿತ್ಸು ಕುಂಡ ಮಾಡಿ ಒಣಗಲು ಇಟ್ಟ ದಿನ ಅವನು ಮತ್ತೆ ಹಾಜರಾದ.

“ಮಿತ್ಸಕ್ಕಾ, ಒಲೆ ಆರಿಹೋಯ್ತು. ಒಂಚೂರು ಕೆಂಡ ಕೊಡು ತಾಯಿ.”

“ಒಳಗಿದೆ, ತಗೊಂಡು ಹೋಗು ಗೆಂಜಣ್ಣ,” ಅಂದು ಅವಳು ನೀರಿಗೆ ಹೋದಳು.

ಬಂದು ನೋಡಿದರೆ ಗೂಟಕ್ಕೆ ತೂಗುಹಾಕಿದ್ದ ಅಳತೆ ಕಡ್ಡಿ ಇಲ್ಲ! ಮರುದಿನ ಕೆಂಡ ಸಾಲಲಿಲ್ಲ ಅಂತ ಗೆಂಜೊ ಇನ್ನೊಮ್ಮೆ ಬಂದುಹೋದ. ಕಡ್ಡಿ ವಾಪಸ್ಸು ಬಂದಿತ್ತು, ಆದರೆ ಬೇರೆ ಗೂಟದಲ್ಲಿ ನೇತಾಡುತ್ತಿತ್ತು. ಮಿತ್ಸುವಿಗೆ ಮೈಯೆಲ್ಲ ಉರಿಯಿತು. ಬೀದಿಯಲ್ಲಿ ನಿಂತು ಕೂಗಾಡಬೇಕು ಅನ್ನಿಸಿತು. ಆಮೇಲೆ ಏನೋ ಹೊಳೆಯಿತು. ಅವಳ ಉಡುಪಿಗೆ ಸೆರಗಿಲ್ಲವಲ್ಲ, ಅದರ ಅಗಲ ತೋಳನ್ನೇ ಬಾಯಿಗಿಟ್ಟುಕೊಂಡು ನಕ್ಕಳು.

ಕುಂಡ ತಂದು ತೋರಿಸಲು ದೊರೆ ಗೊತ್ತು ಮಾಡಿದ್ದ ದಿನ ಬಂತು. ಮೊದಲು ಗೆಂಜೊನ ಕುಂಡ. ಹಸಿರು ಬಣ್ಣ, ಮೋಡದ ಕಾಲು, ನೋಡಲು ಬಲು ಚೆಂದ. ಅದರೊಳಗೆ ಮರ ಇಟ್ಟರೆ, ತೊಟ್ಟಿಲಲ್ಲಿ ಬೆಕ್ಕಿನ ಮರಿ ಮಲಗಿಸಿದ ಹಾಗಾಯಿತು.

“ಇದೇನಯ್ಯಾ, ಇಷ್ಟು ಸಡಿಲ?” ಅಂದ ದೊರೆ.

“ನಾನೇ ಬಂದು ಬೇರು ಅಳೆದದ್ದು ಬುದ್ಧೀ. ಚಳಿಗೆ ಮರವೇ ಸೊರಗಿರಬೇಕು.”

ಆಮೇಲೆ ಮಿತ್ಸುವಿನ ಕುಂಡ. ಮರ ಅದರಲ್ಲೇ ಹುಟ್ಟಿದಂತೆ ಕೂತಿತು. ಗೆಂಜೊ ಹೌಹಾರಿದ. “ಮೋಸ! ಅದೇ ಬಣ್ಣ, ಅದೇ ಕಾಲು. ನನ್ನದನ್ನು ನೋಡಿ ಕದ್ದಿದ್ದಾಳೆ ಇವಳು!” ಅಂತ ಬಾಯಿ ಮಾಡಿದ.

ದೊರೆಯ ಹುಬ್ಬು ಗಂಟಾಯಿತು. ಮಿತ್ಸು ಉಡುಪಿನ ತೋಳಿನೊಳಗಿಂದ ಬಿದಿರ ಕಡ್ಡಿ ತೆಗೆದಳು.

“ಬುದ್ಧೀ, ಇದು ನನ್ನ ಅಳತೆ ಕಡ್ಡಿ. ಸುಡುವ ಮುಂಚಿನ ಹಸಿ ಮಣ್ಣಿನ ಅಳತೆ. ನನ್ನ ಕುಂಡ ಸುಟ್ಟು ಕುಗ್ಗಿದೆ, ಈಗ ಅದರ ಬಾಯೊಳಗೆ ಇದು ಇಳಿಯೋದಿಲ್ಲ.” ಇಟ್ಟು ತೋರಿಸಿದಳು. ಇಳಿಯಲಿಲ್ಲ. “ಈಗ ಗೆಂಜಣ್ಣನ ಕುಂಡದಲ್ಲಿ ನೋಡಿ.”

ಕಡ್ಡಿ ಅಂಚಿನಿಂದ ಅಂಚಿಗೆ ಕೂದಲೆಳೆಯಷ್ಟೂ ಸಂದಿಲ್ಲದೆ ಕೂತಿತು.

“ಬೆರಳಗಲ ಆಗಲೇ ಸೇರಿಸಿದ್ದ ಕಡ್ಡಿಗೆ ಇವನು ಇನ್ನೊಂದು ಬೆರಳಗಲ ಸೇರಿಸಿದ. ಸುಟ್ಟ ಮೇಲೆ ಕುಂಡ ಕುಗ್ಗಿ ನನ್ನ ಕಡ್ಡಿಯಷ್ಟಾಯಿತು. ಮರದ ಬೇರು ಅಳೆದವನಿಗೆ ನನ್ನ ಕಡ್ಡಿಯ ಅಳತೆ ಎಲ್ಲಿಂದ ಬಂತು ಬುದ್ಧೀ?”

ಗೆಂಜೊ ತನ್ನ ಕುಂಡಕ್ಕೆ ಕೈ ಹಾಕಿ ಎಳೆದುಕೊಳ್ಳಲು ನೋಡಿದ. ಸಭೆಯೆಲ್ಲ ಗೊಳ್ಳೆಂದು ನಕ್ಕಿತು. ದಿಣ್ಣೆ ಮಿತ್ಸುವಿನದಾಯಿತು.

ಮರುವಾರ ಗೆಂಜೊ ಮಣ್ಣು ಕೇಳಲು ಬಂದು ತಲೆ ತಗ್ಗಿಸಿ ನಿಂತ. ಮಿತ್ಸು ಒಂದು ಬುಟ್ಟಿ ಕೊಟ್ಟಳು. “ಮಣ್ಣು ಬೇಕಾದಷ್ಟು ಅಗೆದುಕೋ ಗೆಂಜಣ್ಣ. ಕೆಂಡ ಬೇಕಾದರೆ ಮಾತ್ರ ಬಾಗಿಲಲ್ಲೇ ನಿಂತು ಕೂಗು,” ಅಂದಳು.

ಕೇಳಿದಿರಾ ಮಕ್ಕಳೇ? ಇನ್ನೊಬ್ಬರ ಕೆಲಸವನ್ನು ಕದಿಯಬಹುದು, ಅದರ ಹಿಂದಿನ ತಿಳಿವಳಿಕೆಯನ್ನು ಕದಿಯಲಾಗದು. ಕದ್ದ ವಸ್ತುವೇ ಒಂದು ದಿನ ಕಳ್ಳನನ್ನು ತೋರಿಸಿಕೊಡುತ್ತದೆ.