ಹಾಳೆಯ ಮೇಲಿನ ಗುಡ್ಡ

“ಗುರುಗಳೇ, ಎದುರಿಗೆ ಇರುವುದನ್ನು ಇರುವುದಕ್ಕಿಂತ ಸ್ವಲ್ಪ ಚೆನ್ನಾಗಿ ಬರೆದರೆ ಯಾರಿಗೇನು ನಷ್ಟ?” ಎಂದು ಶಿಷ್ಯ ಕೇಳಿದ.

ಆ ದಿನ ಗುರುಗಳು ಶಿಷ್ಯರನ್ನೆಲ್ಲ ಹಿತ್ತಲಿಗೆ ಕರೆತಂದು, ಕಣ್ಣಿಗೆ ಕಂಡದ್ದರ ಚಿತ್ರ ಬರೆಯಿರಿ ಎಂದಿದ್ದರು. ಹಿತ್ತಲಿನ ಗಿಡಗಳ ಆರೈಕೆಯೆಲ್ಲ ಶಿಷ್ಯರದೇ, ಒಂದೊಂದು ಗಿಡಕ್ಕೆ ತಿಂಗಳಿಗೊಬ್ಬರಂತೆ ಸರದಿ. ಈ ಶಿಷ್ಯ ಬಾವಿಯ ಪಕ್ಕದ ದಾಳಿಂಬೆ ಗಿಡವನ್ನು ಬರೆದಿದ್ದ. ಗಿಡದ ಒಂದು ಮಗ್ಗುಲು ಒಣಗಿ ಕಡ್ಡಿಯಾಗಿತ್ತು. ಅವನ ಪುಸ್ತಕದಲ್ಲಿ ಅದು ಎರಡೂ ಮಗ್ಗುಲು ಹಸಿರಾಗಿ, ಕೆಂಪು ಹೂ ಬಿಟ್ಟು ನಿಂತಿತ್ತು. ಗುರುಗಳು ಪುಸ್ತಕವನ್ನೂ ನೋಡಿದರು, ಗಿಡವನ್ನೂ ನೋಡಿದರು. ಆಮೇಲೆ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ಈ ಕತೆ ಹೇಳಿದರು.

ಒಂದು ಊರಿನ ಶಾಲೆಯಲ್ಲಿ ಒಬ್ಬರು ಚಿತ್ರದ ಮೇಷ್ಟ್ರು ಇದ್ದರು. ಒಳ್ಳೆಯವರು. ಮಕ್ಕಳು ನಾಲ್ಕು ಗೋಡೆಯ ನಡುವೆ ಕೂತು ಚಿತ್ರ ಕಲಿಯುವುದು ಅವರಿಗೆ ಸೇರುತ್ತಿರಲಿಲ್ಲ. ವಾರಕ್ಕೊಮ್ಮೆ ತರಗತಿಯನ್ನು ಬಯಲಿಗೆ ಕರೆದೊಯ್ದು, ಊರ ಮುಂದಿನ ಗುಡ್ಡದ ಎದುರು ಕೂರಿಸಿ ಬರೆಸುತ್ತಿದ್ದರು. ಒಬ್ಬೊಬ್ಬರಿಗೂ ಒಂದೊಂದು ಚಿತ್ರದ ಪುಸ್ತಕ. ಪ್ರತಿ ಹಾಳೆಯ ಕೆಳಗೆ ತಮ್ಮ ಹೆಸರು, ತಂದೆಯ ಹೆಸರು, ತಾರೀಖು ಹಾಕಲೇಬೇಕು. ಬಹಳ ಶಿಸ್ತಿನ ಮನುಷ್ಯ.

ಗುಡ್ಡದ ಹಿಂಬದಿಯಲ್ಲಿ ಒಬ್ಬ ಗುತ್ತಿಗೆದಾರ ಕಲ್ಲು ಒಡೆಸುತ್ತಿದ್ದ. ಅವನಿಗೆ ಪರವಾನಗಿ ಇದ್ದದ್ದು ಹಿಂಬದಿಗೆ ಮಾತ್ರ. ಅಲ್ಲಿ ಒಳ್ಳೆಯ ಕಲ್ಲು ಮುಗಿಯಿತು. ಕೇಳುವವರು ಯಾರು ಎಂದುಕೊಂಡು ಮುಂಬದಿಗೂ ಕೈ ಹಾಕಿದ. ಮುಂಬದಿಯ ಬುಡದಲ್ಲಿ ಕುರಿ ಸಾಕುವವರ ಒಂದು ಹಟ್ಟಿ ಇತ್ತು. ಹಟ್ಟಿಗೆಲ್ಲ ನೀರು ಕೊಡುವ ಒಂದೇ ಒರತೆ ಅಲ್ಲಿತ್ತು.

ತರಗತಿಯಲ್ಲಿ ಆ ಹಟ್ಟಿಯ ಹುಡುಗಿ ಒಬ್ಬಳಿದ್ದಳು. ಉಳಿದ ಮಕ್ಕಳು ಎಂದಿನಂತೆ, ಕೈಗೆ ರೂಢಿಯಾದ ಇಡೀ ಗುಡ್ಡವನ್ನೇ ಬರೆದರು. ಬಂಡೆ ಸಿಡಿದು ಬೆಳ್ಳಗೆ ಬಾಯಿ ಬಿಟ್ಟಿದ್ದ ಜಾಗವನ್ನು ಅವಳು ಮಾತ್ರ ಹಾಗೆಯೇ ಬರೆದಳು.

“ಇದೇನಮ್ಮ, ಗುಡ್ಡವನ್ನು ಇಲಿ ಕಡಿದ ಹಾಗೆ ಬರೆದಿದ್ದೀಯ?” ಎಂದರು ಮೇಷ್ಟ್ರು.

“ಅಲ್ಲಿ ಹಂಗೇ ಐತೆ ಸಾರ್. ಮೊನ್ನೆ ಮದ್ದಿಟ್ಟು ಒಡೆದ್ರು. ನಮ್ಮ ಒರತೆ ಅರ್ಧ ಮುಚ್ಚೋಗೈತೆ.”

“ಇರಲಿ. ಚಿತ್ರ ಅಂದಮೇಲೆ ನೋಡುವವರಿಗೆ ಹಿತವಾಗಬೇಕು. ಗಾಯ ಯಾರಿಗೆ ಬೇಕು?”

ಮೇಷ್ಟ್ರು ಕುಂಚ ತೆಗೆದುಕೊಂಡು ಆ ಬಿಳಿಯ ಜಾಗಕ್ಕೆ ಬಂಡೆ ತುಂಬಿದರು. ಬಂಡೆಯ ಸಂದಿಯಲ್ಲಿ ಒಂದೆರಡು ಪೊದೆಗಳನ್ನೂ ಇಟ್ಟರು. ಪಳಗಿದ ಕೈ, ಎಲ್ಲಿ ತುಂಬಿದ್ದಾರೆಂದು ಗೊತ್ತೇ ಆಗುತ್ತಿರಲಿಲ್ಲ. ಹುಡುಗಿ ಒಮ್ಮೆ ಗುಡ್ಡವನ್ನು, ಒಮ್ಮೆ ಹಾಳೆಯನ್ನು ನೋಡಿದಳು. ತಪ್ಪು ತನ್ನ ಕಣ್ಣಿನದೇ ಇರಬೇಕು ಎಂದುಕೊಂಡಳು.

ಮುಂದಿನ ವಾರ ಮೇಷ್ಟ್ರು ಕುಂಚ ಮುಟ್ಟಬೇಕಾಗಿ ಬರಲಿಲ್ಲ. ಅವಳೇ ತುಂಬಿ ತೋರಿಸಿದಳು. ಮೇಷ್ಟ್ರು ಬೆನ್ನು ತಟ್ಟಿದರು. ಬೆನ್ನು ತಟ್ಟಿಸಿಕೊಳ್ಳುವ ಆಸೆ ದೊಡ್ಡವರನ್ನೇ ಬಿಡುವುದಿಲ್ಲ, ಅವಳಾದರೋ ಮಗು.

ಶಾಲೆಯ ವಾರ್ಷಿಕೋತ್ಸವದಲ್ಲಿ ಆ ಪುಸ್ತಕಗಳನ್ನು ಸಾಲಾಗಿ ತೆರೆದಿಟ್ಟರು. ಮುಖ್ಯ ಅತಿಥಿಯಾಗಿ ಬಂದವನು ಅದೇ ಗುತ್ತಿಗೆದಾರ. ಅವನು ಚಿತ್ರಗಳನ್ನು ನೋಡಿದ. ಆಮೇಲೆ ತಾರೀಖುಗಳನ್ನು ಇನ್ನೂ ನಿಧಾನವಾಗಿ ನೋಡಿದ. “ಮೇಷ್ಟ್ರೇ, ಇವನ್ನು ಒಂದೆರಡು ದಿನ ನನ್ನ ಹತ್ತಿರ ಬಿಡಿ. ಮೇಲಿನವರಿಗೆ ತೋರಿಸಬೇಕು” ಎಂದ. ಮೇಷ್ಟ್ರಿಗೆ ಸಂತೋಷದಿಂದ ಕಣ್ಣು ತುಂಬಿ ಬಂತು. ಅವರು ದುಡ್ಡು ತಿಂದವರಲ್ಲ. ತಿಂದಿದ್ದರೆ ಈ ಕತೆ ಹೇಳುವುದು ನನಗೆ ಸುಲಭವಾಗುತ್ತಿತ್ತು.

ಅಷ್ಟರಲ್ಲಿ ಹಟ್ಟಿಯವರು ತಾಲ್ಲೂಕು ಕಚೇರಿಗೆ ದೂರು ಕೊಟ್ಟಿದ್ದರು. ಮುಂಬದಿ ಒಡೆಯುವುದನ್ನು ನಿಲ್ಲಿಸದಿದ್ದರೆ ಒರತೆ ಪೂರ್ತಿ ಮುಚ್ಚಿಹೋಗುತ್ತದೆ, ನಾವು ಹಟ್ಟಿ ಬಿಡಬೇಕಾಗುತ್ತದೆ ಎಂದು ಅವರ ಗೋಳು. ವಿಚಾರಣೆಯ ದಿನ ಗುತ್ತಿಗೆದಾರ ಚಿತ್ರದ ಪುಸ್ತಕಗಳನ್ನು ತಂದು ಅಧಿಕಾರಿಯ ಮೇಜಿನ ಮೇಲಿಟ್ಟ. ಮುಂಬದಿಯನ್ನು ನಾನು ಮುಟ್ಟಿಯೇ ಇಲ್ಲ, ನನ್ನ ಮಾತು ಬೇಡ, ಮಕ್ಕಳು ಬರೆದ ಚಿತ್ರ ನೋಡಿ ಎಂದ.

ಅಧಿಕಾರಿ ಹಾಳೆ ತಿರುವಿದ. ಎಲ್ಲ ಪುಸ್ತಕದಲ್ಲೂ ಗುಡ್ಡ ಇಡಿಯಾಗಿತ್ತು. ತಾರೀಖು ಇತ್ತೀಚಿನದು. ಹೊರಗೆ ಬಿಸಿಲು ಜೋರಾಗಿತ್ತು, ಹಟ್ಟಿಗೆ ಹೋಗುವ ದಾರಿಯೂ ಚೆನ್ನಾಗಿರಲಿಲ್ಲ. ಅವನು ಒಂದು ಪುಸ್ತಕದಲ್ಲಿ ತಂದೆಯ ಹೆಸರು ಓದಿ, ದೂರು ತಂದವರಲ್ಲಿ ಮುಂದೆ ನಿಂತಿದ್ದವನನ್ನು ಹತ್ತಿರ ಕರೆದ.

“ಇದು ನಿನ್ನ ಮಗಳದೇನಯ್ಯ?”

“ಹೌದು ಸ್ವಾಮಿ. ನನ್ ಮಗಳೇ ಬರ್ದಿದ್ದು.”

ಹೇಳುವಾಗ ಅವನ ದನಿಯಲ್ಲಿ ಹೆಮ್ಮೆಯಿತ್ತು. ಚಿತ್ರವನ್ನು ಅವನು ನೋಡಿದ್ದು ಆಮೇಲೆ. ನೋಡಿ, “ಹಿಂಗಿಲ್ಲ ಸ್ವಾಮಿ, ಒಂದ್ಸಲ ತಾವೇ ಬಂದು ನೋಡ್ಬೇಕು” ಎಂದು ಕೈ ಮುಗಿದ.

“ನಾನು ಬಂದು ನೋಡುವುದೇನಿದೆ? ನಿನ್ನ ಮನೆಯವರೇ ಎದುರಿಗೆ ಕೂತು ನೋಡಿ ಬರೆದಿದ್ದಾರಲ್ಲ” ಎಂದ ಅಧಿಕಾರಿ.

ದೂರು ವಜಾ ಆಯಿತು. ಕೆಲವೇ ತಿಂಗಳಲ್ಲಿ ಒರತೆ ಕಲ್ಲಿನ ರಾಶಿಯ ಅಡಿಗೆ ಸೇರಿತು. ಹಟ್ಟಿಯವರು ಕುರಿ ಹೊಡೆದುಕೊಂಡು, ಪಾತ್ರೆ ಪಡಗ ಹೊತ್ತುಕೊಂಡು ನೀರಿದ್ದ ಕಡೆಗೆ ಹೊರಟರು. ಹುಡುಗಿಯ ಶಾಲೆ ಅಲ್ಲಿಗೆ ನಿಂತಿತು. ತಂದೆ ಅವಳನ್ನು ಬೈಯಲಿಲ್ಲ, ದಾರಿಯುದ್ದಕ್ಕೂ ಮಾತೂ ಆಡಲಿಲ್ಲ. ಯಾವ ತಪ್ಪಿಗೆ ಎಂದು ಅವಳಿಗೆ ಗೊತ್ತಿತ್ತು, ಅದನ್ನು ಕಲಿಸಿದವರು ಯಾರೆಂದು ಅವನಿಗೆ ಗೊತ್ತಿರಲಿಲ್ಲ.

ಮೇಷ್ಟ್ರು ಮರುವರ್ಷದಿಂದ ತರಗತಿಯನ್ನು ಕೆರೆಯ ಕಡೆಗೆ ಕರೆದೊಯ್ಯತೊಡಗಿದರು. ಗುಡ್ಡದಲ್ಲಿ ಬರೆಯುವಂಥದ್ದೇನೂ ಉಳಿದಿರಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ಹೇಳಿದ: “ಅದು ಗುಡ್ಡ, ಗುರುಗಳೇ. ಒಂದು ಹಟ್ಟಿಯ ಬದುಕು. ನಾನು ಬರೆದದ್ದು ಬರೀ ಒಂದು ದಾಳಿಂಬೆ ಗಿಡ. ನಾಲ್ಕು ಎಲೆ ಹೆಚ್ಚು ಹಾಕಿದೆ, ಅಷ್ಟೇ.”

ಗುರುಗಳು ಪುಸ್ತಕ ಮುಚ್ಚಿ ಅವನ ಕೈಗೆ ಕೊಟ್ಟರು.

“ಈ ತಿಂಗಳು ಆ ಗಿಡಕ್ಕೆ ನೀರು ಹಾಕುವ ಸರದಿ ಯಾರದು?”